ಹಳೆ ಆಟದ ಐದು ಕಲ್ಲು

ಮೊಮ್ಮಗಳು ಚೊಚ್ಚಲ ಹೆರಿಗೆಗೆ ಮಿರಜಿನ ನಮ್ಮ ಮನೆಗೆ ಬಂದಾಗ ಅವಳ ಸಂಗಡ ಎರಡು ಚೀಲ ಬಟ್ಟೆ, ಒಂದು ಡಬ್ಬಿ ಮಾತ್ರೆ, ಒಂದು ಲ್ಯಾಪ್‌ಟಾಪ್ ಬಂದವು. ದಿನ ತುಂಬಲು ಇನ್ನೂ ಏಳು ವಾರ ಇತ್ತು. ಬಿಪಿ ಏರಿದೆ, ಕೈಕಾಲು ಬಾತಿವೆ, ಎಡಮಗ್ಗುಲಿಗೆ ಮಲಗಿಯೇ ಇರಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವಳ ತಾಯಿ, ಅಂದರೆ ನನ್ನ ಸೊಸೆ, ದವಾಖಾನೆಯೊಂದರಲ್ಲಿ ಆಯಾ. ಮುಂಜಾನೆ ಹೋದರೆ ಸಂಜೆಗೆ ಬರುತ್ತಾಳೆ. ಹಗಲೆಲ್ಲ ಹುಡುಗಿಯನ್ನು ಕಾಯುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಕೌದಿ ಹೊಲಿಯುವವಳು. ಅಥಣಿ ಕಡೆಯಿಂದ ಬಂದ ಮೇಲೆ ಸಾಂಗಲಿ, ಮಿರಜ, ಮಾಧವನಗರ ಅಂತ ಮನೆಮನೆ ತಿರುಗಿ, ಜನರ ಹಳೆ ಸೀರೆ ಹಳೆ ಧೋತರ ಕೂಡಿಸಿ ಹೊಲಿದುಕೊಟ್ಟಿದ್ದೇನೆ. ಕನ್ನಡ ಅಕ್ಷರ ಕೂಡಿಸಿಕೊಂಡು ಓದುತ್ತೇನೆ, ಮರಾಠಿ ಬೋರ್ಡು ಗುರುತು ಹಿಡಿಯುತ್ತೇನೆ, ಇಂಗ್ಲಿಷ್ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ ಎಡವಟ್ಟಿಗೆ ಇಂಗ್ಲಿಷ್ ಬಾರದ್ದೇ ಕಾರಣ ಎಂದು ಮನೆಯವರೆಲ್ಲ ಇವತ್ತಿಗೂ ನಂಬಿದ್ದಾರೆ. ಅವರ ನಂಬಿಕೆ ತಪ್ಪು.

ಹುಡುಗಿಯ ಮಂಚದ ಪಕ್ಕ ಕುಳಿತು ಬರುವ ಕೂಸಿಗೆ ಕೌದಿ ಹಾಕಿದ್ದೆ. ಎರಡು ಮೂರು ದಿನ ನೋಡಿದೆ, ಅವಳ ಮುಖ ಸಪ್ಪಗೇ ಇತ್ತು. ಹೆರಿಗೆಯ ಹೆದರಿಕೆ ಎಂದುಕೊಂಡು, ನಾನು ನಾಲ್ಕು ಹಡೆದಿದ್ದೇನೆ, ಹೆದರಿದರೂ ನೋವು ಅಷ್ಟೇ, ಹೆದರದಿದ್ದರೂ ಅಷ್ಟೇ ಎಂದೆ. ಅವಳ ಚಿಂತೆ ಹೆರಿಗೆಯದಾಗಿರಲಿಲ್ಲ. ಲ್ಯಾಪ್‌ಟಾಪಿನೊಳಗೆ ಒಂದು ಆಟವಿತ್ತು, ಅದರದು.

ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಅವಳು ಬಿಡಿಸಿ ಹೇಳಿದಳು. ಕೊಲ್ಲಾಪುರದ ಹಾಸ್ಟೆಲಿನಲ್ಲಿದ್ದಾಗ ಇವಳೂ ಇವಳ ಗೆಳತಿಯೊಬ್ಬಳೂ ಕೂಡಿ ಆಡುತ್ತಿದ್ದ ಆಟ ಅದು. ಒಂದು ಮಾಯದ ದೇಶ. ಅದರಲ್ಲಿ ಊರೂರಿನ ಜನ ತಮ್ಮ ತಮ್ಮ ಮನೆಯಲ್ಲಿ ಕುಳಿತೇ ಒಂದೇ ಬಯಲಿನಲ್ಲಿ ತಿರುಗಾಡುತ್ತಾರೆ. ಗೆಳತಿ ಆಟವನ್ನು ಕೊನೆ ಮುಟ್ಟಿಸಿದಳು. ಇವಳು ಮದುವೆ, ನೌಕರಿ ಅಂತ ನಡುವೆ ಬಿಟ್ಟಳು. ಈಗ ಅದೇ ಆಟದ ಎರಡನೆಯ ಭಾಗ ಬರುತ್ತಿದೆ, ಅದೂ ಕೂಸು ಬರುವ ಹೊತ್ತಿಗೇ. ಹೊಸದು ತೆರೆಯುವ ದಿನ ಹಳೆಯದನ್ನು ಮುಚ್ಚುತ್ತಾರೆ. ಹಳೆ ಆಟದ ಕೊನೆಯ ಬಾಗಿಲು ದಾಟಿದವರನ್ನು ಮಾತ್ರ ಹೊಸ ಆಟ ಅದೇ ಹೆಸರಿನಿಂದ, ಅದೇ ಮುಖದಿಂದ ಒಳಗೆ ಕರೆದುಕೊಳ್ಳುತ್ತದೆ. ಉಳಿದವರು ಹೊಸಬರಾಗಿ ಹೋಗಬೇಕು.

ನಾಸಿಕದಲ್ಲಿರುವ ಆ ಗೆಳತಿ ಹಳೆಯದನ್ನು ಮೊದಲು ಮುಗಿಸು ಎಂದು ಫೋನಿನಲ್ಲಿ ಜೀವ ತಿನ್ನುತ್ತಿದ್ದಳು. ಬುಧಗಾಂವದಲ್ಲಿರುವ ಗಂಡ, ಹೊಸದು ಬಂದ ಮೇಲೆ ಹಳೆ ಕತೆಯನ್ನೂ ಅದರಲ್ಲೇ ಹೇಳುತ್ತಾರೆ, ಸುಮ್ಮನೆ ಕಣ್ಣು ಕೆಡಿಸಿಕೊಳ್ಳಬೇಡ ಎನ್ನುತ್ತಿದ್ದ. ಕೂಸು ಬಂದ ಮೇಲೆ ಇವಳಿಗೆ ಪುರುಸೊತ್ತು ಎಲ್ಲಿಯದು? ಇರುವುದು ಈ ಏಳು ವಾರ. ಬೆರಳು ನೋಡಿದರೆ ಬಾತು ಬದನೆಕಾಯಿ ಆಗಿವೆ. ಗೆಳತಿಯ ಎದುರಿಗೆ ತಾನು ತಾನಾಗಿಯೇ ಹೋಗಬೇಕು, ಯಾವಳೋ ಹೊಸಬಳಾಗಿ ಅಲ್ಲ ಎಂಬುದು ಅವಳ ಆಸೆ. ಬೇರೇನೂ ಬೇಡವಾಗಿತ್ತು ಅವಳಿಗೆ.

"ಅಜ್ಜಿ, ನೀವ ಹೇಳ್ರಿ," ಎಂದಳು. "ಹಳೇದ ಮೊದ್ಲ ಮುಗಸ್ಲೇನು, ಹೊಸಾದಕ್ಕ ಕಾಯ್ಲೇನು?"

ಇಂಥದನ್ನು ಜನ ನನ್ನನ್ನು ಕೇಳುತ್ತಲೇ ಬಂದಿದ್ದಾರೆ. ಹರಿದ ಕೌದಿ ತಂದು, ಇದನ್ನು ಹೊಸದರ ಹೊಟ್ಟೆಯೊಳಗೆ ಹಾಕಲೋ, ಬಿಸಾಕಲೋ ಅನ್ನುತ್ತಾರೆ. ಹಳೆಯದು ಒಳಗಿದ್ದರೆ ಕೌದಿಗೆ ತೂಕ ಬರುತ್ತದೆ, ಮೇಲಿನ ಬಟ್ಟೆ ಜಾರುವುದಿಲ್ಲ. ಆದರೆ ನೂಲು ಜೀರ್ಣವಾಗಿದ್ದರೆ ಅದು ಒಳಗೇ ಪುಡಿಯಾಗಿ ಗಂಟು ಕಟ್ಟುತ್ತದೆ, ಹೊಸದನ್ನೂ ಕೆಡಿಸುತ್ತದೆ. ಬಾಯಿಮಾತಿನಲ್ಲಿ ಕೇಳಿ ನಾನು ಯಾರಿಗೂ ಉತ್ತರ ಕೊಟ್ಟವಳಲ್ಲ. ಒಂದು ಮೂಲೆ ಹಿಡಿದು, ಎರಡು ಹೆಬ್ಬೆರಳ ನಡುವೆ ಜಗ್ಗಿ, ನೂಲು ಏನು ಸಪ್ಪಳ ಮಾಡುತ್ತದೆ ಕೇಳಿ ಆಮೇಲೆ ಹೇಳುತ್ತೇನೆ.

"ಕೈಯಾಗ ಹಿಡೀದ ಹೆಂಗ ಹೇಳ್ಲಿ?" ಎಂದೆ. "ತೋರ್ಸು."

ಮಂಚದ ಪಕ್ಕ ಸ್ಟೂಲ್ ಹಾಕಿ ಲ್ಯಾಪ್‌ಟಾಪ್ ಇಟ್ಟೆ. ತೆರೆಯಿತು. ಒಬ್ಬ ಹೆಣ್ಣುಮಗಳು ಕೈಯಲ್ಲಿ ಕೊಡಲಿ ಹಿಡಿದು ನಿಂತಿದ್ದಳು. ವಯಸ್ಸು ಇಪ್ಪತ್ತರದು, ಕೂದಲು ನನ್ನ ಹಾಗೆ ಬೆಳ್ಳಗೆ. ಇದು ಯಾರು ಎಂದೆ. ನಾನೇ ಎಂದಳು ಮೊಮ್ಮಗಳು. ಕೂದಲಿಗೆ ಏನಾಯಿತು ಎಂದು ಕೇಳಿದ್ದಕ್ಕೆ ಅದು ಫ್ಯಾಷನ್ ಎಂದಳು. ಹಿಂದೆ ಒಂದು ಹೊಳೆ, ಹೊಳೆಯ ನೀರಿಗೆ ತಿರುಗುವ ದೊಡ್ಡ ಗಾಲಿಯ ಹಿಟ್ಟಿನ ಗಿರಣಿ, ಗಿರಣಿಯ ಎದುರು ಒಂದು ಪೇಟೆ. ಅಂಗಡಿ ಎಲ್ಲ ತೆರೆದಿವೆ, ಗಿರಾಕಿ ಇಲ್ಲ. ಬಟ್ಟೆಯ ಗಿರಣಿ ನಿಂತ ಮೇಲೆ ಮಾಧವನಗರದಲ್ಲಿ ಹೀಗೇ ಇತ್ತು. ಅಂಗಡಿಯವನು ಬಾಗಿಲಲ್ಲೇ ನಿಂತು, ಬರುವ ನನ್ನನ್ನು ದೂರದಿಂದಲೇ ನೋಡುತ್ತಿದ್ದ.

ನನಗೆ ಒಂದು ಸಂಶಯ ಬಂತು. ಇಲ್ಲಿ ಓಡಾಡುವವರಲ್ಲಿ ಗೊಂಬೆ ಯಾವುದು, ಮನುಷ್ಯ ಯಾವುದು? ತಲೆಯ ಮೇಲೆ ನೀಲಿ ಅಕ್ಷರ ಇದ್ದರೆ ಮನುಷ್ಯರು, ಹಳದಿ ಇದ್ದರೆ ಗೊಂಬೆ ಎಂದು ಹೇಳಿಕೊಟ್ಟಳು. ಅಂದಿನಿಂದ ನೀಲಿಯವರನ್ನು ನೋಡುವುದೇ ನನ್ನ ಕೆಲಸವಾಯಿತು. ಒಬ್ಬ ಗೋಡೆಗೆ ಮುಖ ಹಚ್ಚಿ ಅರ್ಧ ತಾಸು ನಿಂತಿದ್ದ. ಊಟಕ್ಕೆ ಎದ್ದುಹೋಗಿರಬೇಕು ಎಂದಳು ಮೊಮ್ಮಗಳು. ಏನು ಉಂಡನೋ, ಯಾವ ಊರಿನಲ್ಲಿ ಉಂಡನೋ. ಇನ್ನೊಬ್ಬ ಪೇಟೆಯ ಈ ತುದಿಯಿಂದ ಆ ತುದಿಗೆ ಹಾರುತ್ತ ಹಾರುತ್ತ ಹೋದ. ನಡೆಯುವುದನ್ನು ಬಿಟ್ಟು ಹಾರುವುದೇಕೆ ಎಂದರೆ ಅವಳಿಗೂ ಗೊತ್ತಿರಲಿಲ್ಲ. ಒಬ್ಬಳು ಮಾತ್ರ ಹಸಿರು ನಿಲುವಂಗಿ ತೊಟ್ಟು ಗಿರಣಿಯ ದಂಡೆಯ ಮೇಲೆ ಕುಳಿತು ದಿನಾಲೂ ಮೀನು ಹಿಡಿಯುತ್ತಿದ್ದಳು. ಹಿಡಿದು ಮತ್ತೆ ನೀರಿಗೇ ಬಿಡುತ್ತಿದ್ದಳು.

ಮೂರು ದಿನ ನೋಡಿ ಹೇಳಿದೆ: ಬಟ್ಟೆ ಗಟ್ಟಿ ಇದೆ, ಮುಗಿಸು.

ಮುಗಿಸುವುದು ಅಂದರೆ ಇಷ್ಟು. ಕೊನೆಯ ಬಾಗಿಲಿನ ಎದುರು ಐದು ಗೂಡುಗಳಿವೆ. ಐದರಲ್ಲೂ ಒಂದೊಂದು ದೀಪದ ಕಲ್ಲು ಇಟ್ಟರೆ ಬಾಗಿಲು ತೆರೆಯುತ್ತದೆ. ಕಲ್ಲುಗಳು ದೇಶದ ಐದು ಕಡೆ ಇವೆ, ಒಂದಕ್ಕೆ ನಾಲ್ಕೈದು ದಿನ ಹಿಡಿಯುತ್ತದೆ. ಅವಳ ಬೆರಳು ಮೌಸ್ ಒತ್ತುವ ಸ್ಥಿತಿಯಲ್ಲಿ ಇರಲಿಲ್ಲ. ಅವಳು ಎಡಮಗ್ಗುಲಿಗೆ ಮಲಗಿ ದಾರಿ ಹೇಳುತ್ತಿದ್ದಳು, ನಾನು ಮೌಸ್ ಹಿಡಿದೆ. ಮೊದಲ ದಿನ ಬಿಳಿಕೂದಲಿನ ಹುಡುಗಿಯನ್ನು ಏಳು ಸಲ ಹೊಳೆಗೆ ಬೀಳಿಸಿದೆ. ವಾರ ಕಳೆಯುವಷ್ಟರಲ್ಲಿ ಕಟ್ಟಿಗೆ ಕಡಿಯುವುದು, ಹಿಟ್ಟು ಬೀಸುವುದು, ಚೀಲ ತೆಗೆದು ಸಾಮಾನು ಎಳೆದು ಇಡುವುದು ಬಂತು. ಗಿರಣಿಯ ಗಾಲಿಯ ಹಿಂದೆ ಆರು ಮೆಟ್ಟಿಲಿನ ಒಂದು ನೆಲಮನೆ ಇದೆ, ಮೊದಲನೆಯ ಕಲ್ಲು ಅಲ್ಲೇ ಸಿಕ್ಕಿತು. ಆ ಮೆಟ್ಟಿಲನ್ನು ಕಂಡುಹಿಡಿದವಳು ನಾನು. ನೀರು ಬೀಳುವ ಕಡೆ ಕೆಳಗೆ ಏನಿದೆ ಎಂದು ಬಗ್ಗಿ ನೋಡದೆ ನನಗೆ ಸಮಾಧಾನವಿರಲಿಲ್ಲ.

ರವಿವಾರಕ್ಕೊಮ್ಮೆ ಮೊಮ್ಮಗಳ ಗಂಡ ಮೋಟಾರ್‌ಸೈಕಲ್ ಮೇಲೆ ಪೇರಲಹಣ್ಣು ತರುತ್ತಿದ್ದ. ಒಳ್ಳೆಯವನೇ, ನಗಿಸುತ್ತಾನೆ. ನಾನು ಮೌಸ್ ಹಿಡಿದು ಕುಳಿತದ್ದನ್ನು ನೋಡಿ ಅವನ ಮರಾಠಿಯಲ್ಲಿ, "ಆಜ್ಜಿ, ಜುನಂ ಕಶಾಲಾ?" ಎನ್ನುತ್ತಿದ್ದ, ಹಳೆಯದು ಯಾಕೆ ಬೇಕು ಅಂತ. ಮುದುಕಿಯ ಎದುರು ಆ ಪ್ರಶ್ನೆ ಕೇಳಬಾರದು ಎಂದು ನಾನು ಅನ್ನುತ್ತಿದ್ದೆ. ನಾಲ್ಕನೆಯ ವಾರ ಮುಗಿಯುವಾಗ ಐದೂ ಕಲ್ಲು ನಮ್ಮ ಚೀಲಕ್ಕೆ ಬಂದವು. ಇನ್ನು ಅಡವಿ ದಾಟಿ ಬಾಗಿಲಿಗೆ ಹೋಗುವುದೊಂದೇ ಬಾಕಿ. ನಾಳೆ ಹೋಗೋಣ ಎಂದಳು ಮೊಮ್ಮಗಳು. ಅವತ್ತು ಮಧ್ಯಾಹ್ನ ಉಂಡು ಮಲಗುವ ಮುಂಚೆ, ಎಲ್ಲಿಗೂ ಹೋಗಬೇಡಿರಿ, ಆಟದೊಳಗಿನ ನಮ್ಮ ಮನೆಯ ಹತ್ತಿರ ಕಟ್ಟಿಗೆ ಅಷ್ಟೇ ಕಡಿಯಿರಿ ಎಂದು ನನಗೆ ತಾಕೀತು ಮಾಡಿದಳು.

ಕಡಿಯುತ್ತಿದ್ದೆ. ಆಗ ಹಸಿರು ನಿಲುವಂಗಿಯವಳು ನಮ್ಮ ಮನೆಯ ಬಾಗಿಲಿಗೆ ಬಂದಳು. ಕೈಯಲ್ಲಿ ಗಾಳ ಇರಲಿಲ್ಲ, ಬೆನ್ನಿಗೆ ಗಂಟು ಇತ್ತು. ಕೈಬೀಸಿದಳು, ಮೂರು ಸಲ ಬಾಗಿದಳು, ಕೆಳಗೆ ಒಂದು ಸಾಲು ಅಕ್ಷರ ಬಂತು. ಓದಲು ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಬೆನ್ನಿಗೆ ಗಂಟು ಕಟ್ಟಿಕೊಂಡು ಬಾಗಿಲಿಗೆ ಬಂದು, ಬಾಗಿ, ಹೋಗದೆ ನಿಂತವಳು ಊರು ಬಿಡುತ್ತಿದ್ದಾಳೆ ಎಂದು ಯಾವ ಹೆಂಗಸಿಗಾದರೂ ತಿಳಿಯುತ್ತದೆ.

ಬಾಗಿಲಿಂದ ಹೊರಟ ಹೆಣ್ಣುಮಗಳನ್ನು ನಾವು ಉಡಿ ತುಂಬದೆ ಕಳಿಸುವುದಿಲ್ಲ. ಗಂಡ ಸತ್ತವಳು ತುಂಬಬಾರದು ಎನ್ನುವವರಿದ್ದಾರೆ, ನಾನು ಆ ಮಾತಿಗೆ ಎಂದೂ ಕಿವಿ ಕೊಟ್ಟಿಲ್ಲ. ಕೊಬ್ಬರಿ, ಉತ್ತತ್ತಿ, ಅಡಿಕೆ, ಅರಿಷಿಣ ಬೇರು, ಅಕ್ಕಿ, ಏನು ಇದೆಯೋ ಅದು. ಆದರೆ ಐದು ಇರಬೇಕು. ಚೀಲ ತೆಗೆದೆ. ಹಿಟ್ಟು ಒಂದು ಮೂಟೆ, ಮೀನು ಎರಡು, ಕಟ್ಟಿಗೆ ಒಂದು ರಾಶಿ. ಐದು ಇದ್ದದ್ದು ಆ ಕಲ್ಲುಗಳು ಮಾತ್ರ, ಒಂದೇ ಸಾಲಿನಲ್ಲಿ ಹೊಳೆಯುತ್ತ. ಅವು ಯಾತಕ್ಕೆ ಬೇಕಾದವು ಎಂದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆ ಗಳಿಗೆಗೆ ಕೈ ಮುಂದೆ ಹೋಯಿತು, ಬುದ್ಧಿ ಹಿಂದೆ ಉಳಿಯಿತು. ಒಂದೊಂದಾಗಿ ಎಳೆದು ಅವಳ ಉಡಿಗೆ ಹಾಕಿದೆ.

ಎರಡನೆಯದು ಹಾಕಿದಾಗ ಅವಳು ಎರಡು ಹೆಜ್ಜೆ ಹಿಂದೆ ಸರಿದು ಬೇಡ ಬೇಡ ಎನ್ನುವಂತೆ ಕೈಯಾಡಿಸಿದಳು. ಮತ್ತೊಂದು ಸಾಲು ಅಕ್ಷರ ಬಂತು. ಬೇಡ ಎನ್ನದೆ ಉಡಿ ತುಂಬಿಸಿಕೊಂಡ ಹೆಂಗಸನ್ನು ನಾನು ಇಷ್ಟು ವಯಸ್ಸಿನಲ್ಲಿ ಒಬ್ಬಳನ್ನೂ ಕಂಡಿಲ್ಲ. ಸೆರಗು ಒಡ್ಡಿಯೇ ಬೇಡ ಅನ್ನುತ್ತಾರೆ. ಹಾಗಾಗಿ ಒತ್ತಾಯ ಮಾಡಿ ಉಳಿದ ಮೂರನ್ನೂ ಹಾಕಿದೆ. ಅವಳು ನೆಲಕ್ಕೆ ತಲೆ ಹಚ್ಚಿ ಬಾಗಿ, ಹೊಗೆ ಕರಗಿದಂತೆ ಮಾಯವಾದಳು. ನಾನು ಮತ್ತೆ ಕಟ್ಟಿಗೆ ಕಡಿದೆ. ನಾಲ್ಕು ತುಂಡು ಕಡಿಯುವಷ್ಟರಲ್ಲಿ ಏನು ಮಾಡಿದೆ ಎಂದು ಹೊಳೆದು ಚೀಲ ತೆಗೆದು ನೋಡಿದೆ.

ಮೊಮ್ಮಗಳು ಎದ್ದಾಗ ನಾನೇ ಹೇಳಿದೆ. ಅವಳು ಚೀಲ ನೋಡಿದಳು, ಅಕ್ಷರದ ಸಾಲು ಓದಿದಳು. ಆ ಹೆಂಗಸು ಬರೆದದ್ದು ಇಷ್ಟು: ನಾನು ಇವತ್ತಿಗೆ ಹೊರಟೆ, ನನ್ನಿಂದ ಮುಗಿಯಲಿಲ್ಲ, ನೀವು ದಿನಾಲೂ ಕಟ್ಟಿಗೆ ಕಡಿಯುವುದನ್ನು ನೋಡುವುದು ಚೆನ್ನಾಗಿತ್ತು. ಆಮೇಲಿನದು: ಬೇಡ, ಇವು ನಿಮಗೇ ಬೇಕಾಗುತ್ತವೆ. ಮೊಮ್ಮಗಳು ಆ ಹೆಸರಿಗೆ ಮೇಲಿಂದ ಮೇಲೆ ಬರೆದಳು. ಉತ್ತರ ಬರಲಿಲ್ಲ. ನನಗೆ ಯಾವಾಗಲೂ ರೀ ಹಚ್ಚಿ ಮಾತಾಡುವ ಹುಡುಗಿ ಆಗ ನೀ ಎಂದಳು.

"ಓದಾಕ ಬರೂದಿಲ್ಲಂದ್ರ ಯಾಕ ಕೊಟ್ಟಿ ನೀ?"

"ಓದಾಕ ಬಂದಿದ್ರೂ ಕೊಡ್ತಿದ್ದೆ," ಎಂದೆ. ಸುಳ್ಳು ಹೇಳಿ ಏನು ಮಾಡುವುದು?

ಅವಳು ಗೋಡೆಯ ಕಡೆ, ಬಲಮಗ್ಗುಲಿಗೆ ಹೊರಳಿದಳು. ಸಿಟ್ಟು ಇರಲಿ, ಎಡಕ್ಕೆ ಮಲಗಿ ಸಿಟ್ಟಾಗು ಎಂದು ಹೇಳಿದೆ. ಕೇಳಲಿಲ್ಲ. ಸಂಜೆ ಸೊಸೆ ಬಂದು ಪಟ್ಟಿ ಸುತ್ತಿ ನೋಡಿದರೆ ಬಿಪಿ ಮೇಲೆ ಹೋಗಿತ್ತು. ನಡೆದದ್ದು ತಿಳಿದು ಅವಳು ಇಬ್ಬರನ್ನೂ ಬೈದಳು. ಒಬ್ಬಳು ತಾಯಿಯಾಗುವವಳು, ಒಬ್ಬಳು ಮುತ್ತಜ್ಜಿಯಾಗುವವಳು, ಇಬ್ಬರಲ್ಲಿ ದೊಡ್ಡವರು ಯಾರು ಎಂದು ಕೇಳಿದಳು.

ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ರೂಢಿ ನನಗಿಲ್ಲ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕುತ್ತೇನೆ, ಅಷ್ಟೇ. ಮರುದಿನ ಕೌದಿಯನ್ನು ಸುತ್ತಿಟ್ಟು ಸ್ಟೂಲಿನ ಎದುರು ಕುಳಿತು, ಎಲ್ಲಿಂದ ಸುರು ಮಾಡಲಿ ಎಂದೆ. ನಾನೇ ಗಿರಣಿಯ ಮೆಟ್ಟಿಲು ಇಳಿದೆ. ಒಂದೇ ಕತ್ತಲೆ ಮೂಲೆಗೆ ಹೋಗಿ ಹೋಗಿ ಗೋಡೆಗೆ ಹಾಯುತ್ತಿದ್ದೆ. ಊಟದ ಹೊತ್ತಿನ ತನಕ ತಡೆದು ತಡೆದು ಕೊನೆಗೆ ಅವಳು, "ಎಡಕ್ಕ," ಎಂದಳು.

ದಾರಿ ಗೊತ್ತಿದ್ದುದರಿಂದ ಈ ಸಲ ಬೇಗ ಸಿಕ್ಕವು. ಹನ್ನೆರಡು ದಿನಕ್ಕೆ ನಾಲ್ಕು. ಆದರೆ ಕೂಸು ನಮ್ಮ ಲೆಕ್ಕಕ್ಕೆ ಕಾಯಲಿಲ್ಲ. ಹದಿಮೂರನೆಯ ದಿನ ಮಧ್ಯಾಹ್ನ ನೋವು ಸುರುವಾಯಿತು, ಆಟೋ ತರಿಸಿದೆವು. ಬಾಗಿಲು ದಾಟುವಾಗ ಅವಳು ಹಿಂದೆ ತಿರುಗಿ, ಅಜ್ಜಿ, ಲ್ಯಾಪ್‌ಟಾಪ್ ಬಂದ್ ಮಾಡಿರಿ, ಇಲ್ಲವಾದರೆ ಅಲ್ಲಿ ತೋಳ ಬರುತ್ತದೆ ಎಂದಳು. ಆಟೋದವನು ನನ್ನ ಮುಖ ನೋಡಿದ.

ಹೆಣ್ಣು ಕೂಸು. ಹೊಟ್ಟೆ ಕೊಯ್ದೇ ತೆಗೆದರು. ದಿನಕ್ಕಿಂತ ಮುಂಚೆ ಬಂದದ್ದು, ತೂಕ ಕಡಿಮೆ, ಗಂಟಲು ಜೋರು. ತಾಯಿ ಮಗಳು ಮನೆಗೆ ಬಂದಾಗ ಹಳೆ ಆಟ ಮುಚ್ಚಲು ಎರಡು ದಿನ ಉಳಿದಿತ್ತು, ಐದನೆಯ ಕಲ್ಲು ಉಳಿದಿತ್ತು. ಅದು ಮೇಲಿಂದ ಬೀಳುವ ಧಬಧಬೆಯ ನೀರಿನ ಹಿಂದೆ ಇರುತ್ತದೆ, ಬಂಡೆಯಿಂದ ಬಂಡೆಗೆ ಹೊತ್ತು ನೋಡಿ ಹಾರಬೇಕು. ಅವಳು ಹೇಳುವಷ್ಟರಲ್ಲಿ ಕೂಸು ಅಳುತ್ತಿತ್ತು, ನಾನು ಹಾರುವಷ್ಟರಲ್ಲಿ ಬಂಡೆ ಮುಳುಗುತ್ತಿತ್ತು. ಕೊನೆಯ ದಿನ ಮೂರು ಗಂಟೆಗೆ ಮುಚ್ಚುತ್ತಾರೆ ಎಂದಿತ್ತು. ಎರಡೂವರೆಗೆ ಅವಳು, ಸಾಕು ಅಜ್ಜಿ, ಗಿರಣಿಯ ಹತ್ತಿರ ಹೋಗಿರಿ ಎಂದಳು. ಉಳಿದ ಜನರೆಲ್ಲ ಅಲ್ಲಿ ನೆರೆದಿದ್ದರು. ಕೆಲವರು ಕುಣಿಯುತ್ತಿದ್ದರು, ಕೆಲವರು ಸುಮ್ಮನೆ ಕುಳಿತಿದ್ದರು, ಹಾರುವವನು ಹಾರುತ್ತಲೇ ಇದ್ದ. ನಾನು ಹಸಿರು ನಿಲುವಂಗಿಯನ್ನು ಹುಡುಕಿದೆ. ಇರಲಿಲ್ಲ. ಮೂರಕ್ಕೆ ಎಲ್ಲರೂ ನಿಂತಲ್ಲೇ ನಿಂತರು, ಅಕ್ಷರ ಬಂತು, ಪರದೆ ಕಪ್ಪಾಯಿತು.

ಮೊಮ್ಮಗಳು ಅಳಲಿಲ್ಲ. ಹೆಸರು ಹೋಯಿತು ಎಂದಳು, ಕೂಸನ್ನು ಇನ್ನೊಂದು ಮೊಲೆಗೆ ಹಚ್ಚಿದಳು. ಅವಳು ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಮುಂದಿನ ರವಿವಾರ ಅವಳ ಗಂಡ ತನ್ನ ಲ್ಯಾಪ್‌ಟಾಪಿನಲ್ಲಿ ಹೊಸ ಆಟ ಹಾಕಿಕೊಂಡು ಬಂದ. ನಾನು ನೆಲದ ಮೇಲೆ ಕಾಲು ಚಾಚಿ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದೆ. ಅವನು ಸ್ಟೂಲಿನ ಎದುರು ಕುಳಿತು ಒಂದು ತಾಸು ಅಲ್ಲಿ ಇಲ್ಲಿ ತಿರುಗಿದ. ಒಂದು ಬೀಗದ ಕೈ ಸಿಗದೆ ಕತೆ ಮುಂದೆ ಹೋಗುವುದಿಲ್ಲವಂತೆ. ಇದು ಹಳೆ ಆಟಕ್ಕಿಂತ ನೂರು ವರ್ಷ ಮುಂದಿನ ಕಾಲ, ಜಾಗ ಎಲ್ಲ ಬೇರೆ ಎಂದು ನನಗೆ ತಿಳಿಸಿ ಹೇಳಿದ. ನಾನು ಕೂಸಿನ ಬೆನ್ನು ತಿಕ್ಕುತ್ತ ನೋಡಿದೆ. ಹೊಳೆ ಬತ್ತಿತ್ತು. ಪೇಟೆ ಇರಲಿಲ್ಲ. ಹುಲ್ಲಿನೊಳಗೆ ಒಂದು ಮುರಿದ ಗಾಲಿ ಓರೆಯಾಗಿ ಬಿದ್ದಿತ್ತು. ಅವನು ಅದರ ಮುಂದೆ ನಾಲ್ಕು ಸಲ ಹಾದುಹೋದ.

"ಜಾವಯಿಬಾಪು, ಗಾಲಿ ಹಿಂದ ಹೋಗ್ರಿ," ಎಂದೆ. "ಆರ ಮೆಟ್ಟಲ ಅದಾವ."

ಹುಲ್ಲು ಬಿಟ್ಟರೆ ಏನೂ ಇಲ್ಲ ಎಂದ.

"ಹುಲ್ಲ ಕಡೀರಿ."

ಕಡಿದ. ಕಲ್ಲು ಕಂಡಿತು. ಒಂದು, ಎರಡು, ಆರು. ಇಳಿದು ಬಲಕ್ಕೆ ಹೊರಟವನಿಗೆ, ಎಡಕ್ಕೆ ಎಂದು ಮೊಮ್ಮಗಳು ಮಂಚದ ಮೇಲಿಂದ ಹೇಳಿದಳು. ಬೀಗದ ಕೈ ಅಲ್ಲೇ ಇತ್ತು. ಅವನು ಬಾಯಿ ತೆರೆದು ನಮ್ಮಿಬ್ಬರನ್ನೂ ನೋಡಿದ. ಅವಳು ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕಳು. ಹಡೆದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಆಗಲೇ.

ನಗು ನಿಂತ ಮೇಲೆ ಅವಳು ತನ್ನ ಲ್ಯಾಪ್‌ಟಾಪ್ ಕೇಳಿದಳು. ಅಷ್ಟು ದಿನ ಅದನ್ನು ಮುಟ್ಟಿರಲಿಲ್ಲ. ಹೊಸ ಆಟ ಹಾಕಿಸಿಕೊಂಡು, ಹೊಸ ಹೆಸರು ಬರೆದಳು, ಈ ಸಲ ಕೂದಲು ಕರಿ ಇಟ್ಟಳು. ನಾಸಿಕದ ಗೆಳತಿಗೆ ಫೋನ್ ಹಚ್ಚಿ, ಬಾಗಿಲು ದಾಟಲಿಲ್ಲ, ಹೊಸಬಳಾಗಿ ಬರುತ್ತಿದ್ದೇನೆ ಎಂದಳು. ಅಷ್ಟು ಜನರಲ್ಲಿ ನಿನ್ನನ್ನು ಹೇಗೆ ಗುರುತು ಹಿಡಿಯಲಿ ಎಂದು ಆ ಹುಡುಗಿ ಕೇಳಿದ್ದು ನನಗೂ ಕೇಳಿಸಿತು.

ಮೊಮ್ಮಗಳು ನನ್ನ ಕಡೆ ನೋಡಿದಳು. ಗೆಳತಿಗೆ ಅವಳು ಹೇಳಿದ್ದು ಮರಾಠಿಯಲ್ಲಿ. ಫೋನ್ ಇಟ್ಟ ಮೇಲೆ ನನಗೆ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದಳು: "ಹೊಂಟಾಕಿ ಉಡ್ಯಾಗ ಐದ ಸಾಮಾನ ಹಾಕಾವ್ರು ಯಾರ ಕಾಣತಾರ, ಅವ್ರ ನಾವು ಅಂದೆ."

ಚೀಲದಲ್ಲಿ ಏನಿದೆ ಎಂದು ಕೇಳಿದೆ. ತೆಗೆದು ತೋರಿಸಿದಳು. ಒಂದು ಕೋಲು, ಒಂದು ಹರಿದ ಟೋಪಿ. ಐದಕ್ಕೆ ಮೂರು ಕಡಿಮೆ. ಕೂಸಿನ ಕೌದಿಯೂ ನಡುವೆ ಒಂದು ಗೇಣು ಬಾಕಿ ಇತ್ತು. ಹುಟ್ಟುವ ಮುಂಚೆ ಅದನ್ನು ಮುಚ್ಚುವುದಿಲ್ಲ ನಾವು. ಹೊದ್ದವರ ಹೊಟ್ಟೆ ತುಂಬಿರಲಿ ಎಂಬ ನಮ್ಮ ರೂಢಿಯಂತೆ ಭಕ್ರಿಯ, ಅಂದರೆ ಜೋಳದ ರೊಟ್ಟಿಯ, ಒಂದು ಚೂರು ಅಲ್ಲಿ ಇಟ್ಟು, ಕೌದಿಗೆ ತುತ್ತು ಹಾಕಿ, ನಾಲ್ಕು ಹೊಲಿಗೆಯಲ್ಲಿ ಮುಚ್ಚಿ ಕೂಸನ್ನು ಸುತ್ತಿದೆ. ಸುತ್ತಿ ತಾಯಿಯ ಮಗ್ಗುಲಿಗೆ ಹಾಕಿ ಮೌಸ್ ತೆಗೆದುಕೊಂಡೆ.

ಈಗಲೂ ದಿನಾ ಒಂದು ತಾಸು ಕಟ್ಟಿಗೆ ಕಡಿಯುತ್ತೇನೆ. ನೀಲಿ ಅಕ್ಷರದವರು ಹಾದುಹೋಗುವಾಗ ಯಾರ ಮೈಮೇಲೆ ಹಸಿರು ಇದೆ ಎಂದು ನೋಡುತ್ತೇನೆ. ನಮ್ಮ ಕಲ್ಲಿನಿಂದ ಅವಳ ಬಾಗಿಲು ತೆರೆಯಿತೋ, ಇಲ್ಲ ಉಡಿಯನ್ನು ಹಾಗೇ ಕಟ್ಟಿಕೊಂಡು ಎದ್ದುಹೋದಳೋ ತಿಳಿಯಬೇಕು. ಬಾಗಿಲು ದಾಟಿದ್ದರೆ ಅದೇ ಮುಖ ಇರುತ್ತದೆ. ಬತ್ತಿದ ಹೊಳೆಯಲ್ಲಿ ಗಾಳ ಹಾಕಿ ಕುಳಿತವರು ಇದುವರೆಗೆ ಯಾರೂ ಕಂಡಿಲ್ಲ.